ಯೆರೆಮೀಯನ ನೊಗ: 'ಸಮಾಧಾನ' ಅಂದವನೇ ಸುಳ್ಳು ಪ್ರವಾದಿ ಆದದ್ದು ಯಾಕೆ?

ತುಂಗಾತೀರ
ಕನ್ನಡ ಬೈಬಲನ್ನು ಸಾಹಿತ್ಯ ಅಂತ ಓದ್ತಾ ಬಂದು ಯೆರೆಮೀಯನ 28ನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಓದದವರಿಗೆ ಸಂದರ್ಭ ಹೇಳಿಬಿಡ್ತೀನಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದ. ರಾಜ ಯೆಕೊನ್ಯ, ಕಮ್ಮಾರರು, ಕಸುಬುದಾರರು, ದೇವಾಲಯದ ಪಾತ್ರೆಪಡಗ ಎಲ್ಲವನ್ನೂ ಸಾಗಿಸಿದ. ಅವನೇ ಕೂರಿಸಿದ ಚಿದ್ಕೀಯ ಈಗ ಪಟ್ಟದಲ್ಲಿದ್ದಾನೆ. ಯೆರೆಮೀಯ ಅನ್ನೋ ಪ್ರವಾದಿ ಕೊರಳಿಗೆ ಎತ್ತಿನ ನೊಗ ಹಾಕ್ಕೊಂಡು "ಬಾಬೆಲಿಗೆ ತಲೆಬಾಗಿ" ಅಂತ ಊರೆಲ್ಲ ತಿರುಗ್ತಾನೆ. ಆಗ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಜನರೆಲ್ಲ ನೋಡ್ತಿರುವಾಗ ಆ ನೊಗ ಕಿತ್ತು ಮುರಿದು, "ಇನ್ನು ಎರಡೇ ವರ್ಷ, ಹೋದವರೆಲ್ಲ ವಾಪಸ್ ಬರ್ತಾರೆ" ಅಂತಾನೆ. ಸಮಾಧಾನದ ಮಾತು ಆಡಿದವನು ಅವನು. ಆದರೆ ಪುಸ್ತಕ ಸುಳ್ಳು ಅನ್ನೋದು ಅವನ ಮಾತನ್ನೇ.

ಮುಂದಿನ ಅಧ್ಯಾಯಕ್ಕೆ ಬಂದರೆ ಇನ್ನೊಂದು ಗೋಜಲು. ಸೆರೆಗೆ ಹೋದವರಿಗೆ ಯೆರೆಮೀಯ ಕಾಗದ ಬರೀತಾನೆ: ಮನೆ ಕಟ್ಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ ಅಂತ. ಶತ್ರುವಿನ ರಾಜಧಾನಿಗೆ ಶಾಂತಿ, ಸ್ವಂತ ಊರಿಗೆ ಇಲ್ಲ! ಇದರ ಜೊತೆಗೆ ಹೊಸ ಒಡಂಬಡಿಕೆಯ ಯೇಸು ಒಂದು ಕಡೆ ಶಾಂತಿ ಕೊಟ್ಟು ಹೋಗ್ತೀನಿ ಅಂದರೆ ಇನ್ನೊಂದು ಕಡೆ ಸಮಾಧಾನ ಅಲ್ಲ, ಖಡ್ಗ ತರೋಕೆ ಬಂದೆ ಅಂತಾನೆ.

ಒಂದು ವಿನಂತಿ. ಶಾಂತಿಗೆ ಇಬ್ರಿಯ ಪದ ಶಾಲೋಮ್; "ಶಾಲೋಮ್ ಅಂದರೆ ಪರಿಪೂರ್ಣತೆ" ಅನ್ನೋ ಉತ್ತರ ಎಲ್ಲಾ ಕಡೆ ಸಿಗುತ್ತೆ, ದಯವಿಟ್ಟು ಅದು ಬೇಡ. ಈ ಜನ ಶಾಂತಿ ಅಂತ ಯಾವುದಕ್ಕೆ ಒಪ್ಪಿದರು, ಯಾವುದಕ್ಕೆ ಒಪ್ಪಲಿಲ್ಲ ಅನ್ನೋದು ನನ್ನ ಪ್ರಶ್ನೆ.

ಧಾರವಾಡದ ಮಾಸ್ತರ
ಭಾಳ ಛಲೋ ಜಾಗಾಕ್ಕ ಬಂದು ನಿಂತೀರಿ. ಮೊದಲ ಒಂದು ಮಾತು. ಇಬ್ರಿಯ ಮೂಲದಾಗ ಹನನ್ಯಗ ಎಲ್ಲೂ 'ಸುಳ್ಳು ಪ್ರವಾದಿ' ಅನ್ನೂದಿಲ್ರಿ, ಬರೇ 'ಪ್ರವಾದಿ' ಅಂತಾನ ಅದ. ಗ್ರೀಕ್ ಭಾಷಾಂತರ ಮಾಡಿದವರು 'ಸುಳ್ಳು' ಅಂತ ಸೇರಿಸಿದ್ರು. ಅಂದ್ರ ಅವತ್ತು ಗುಡಿಯಾಗ ನಿಂತ ಮಂದಿಗೆ ಇಬ್ಬರೂ ಪ್ರವಾದಿಗಳ. ಇಬ್ಬರೂ 'ಕರ್ತನು ಹೀಗನ್ನುತ್ತಾನೆ' ಅಂತನ ಸುರು ಮಾಡ್ಯಾರ.

ಯೆರೆಮೀಯ ಏನಂದ ನೋಡ್ರಿ: "ಆಮೆನ್! ಹಂಗ ಆಗಲಿ, ನಿನ್ನ ಮಾತು ಖರೇ ಆಗಲಿ." ಅಂವಗ ಯುದ್ಧ ಬೇಕಾಗಿರಲಿಲ್ಲ. ಅದರ ಕೂಡ ಇನ್ನೊಂದು ಹೇಳ್ಯಾನ: ಕೇಡಿನ ಪ್ರವಾದನೆ ಹೇಳಿದವರು ಹಿಂದ ಭಾಳ ಮಂದಿ ಆಗ್ಯಾರ, ಸಮಾಧಾನ ಹೇಳಾಂವನ ಮಾತು ನಡದ ಮ್ಯಾಲೆ ಅಂವ ಪ್ರವಾದಿ ಹೌದೋ ಅಲ್ಲೋ ಗೊತ್ತಾಗ್ತದ. ಹನನ್ಯ ನೊಗಾ ಮುರದಾಗ ಜಗಳಾ ತಗೀಲಿಲ್ಲ, ಸುಮ್ಮನ ಹೊಂಟು ಹೋದ. ಆಮ್ಯಾಲೆ ಬಂದು, "ಕಟಗೀ ನೊಗಾ ಮುರದಿ, ಅದರ ಬದಲೀ ಕಬ್ಬಿಣದ್ದು ಬಂತು" ಅಂದ.

ಈಗ ನಿಮ್ಮ ಪ್ರಶ್ನೆ. ಅದಕ್ಕ 28ನೇ ಅಧ್ಯಾಯದಾಗ ಉತ್ತರ ಹುಡುಕಬ್ಯಾಡ್ರಿ, 34ನೇದ್ದು ಓದ್ರಿ. ಮುತ್ತಿಗಿ ಬಿದ್ದಾಗ ಚಿದ್ಕೀಯ ರಾಜ ಊರಾಗಿನ ಇಬ್ರಿಯ ಗುಲಾಮರನ್ನ ಬಿಡಸ್ತಾನ. ಗುಡಿಯಾಗ ಒಪ್ಪಂದ ಆಗ್ತದ, ಕರುವನ್ನ ಎರಡು ಹೋಳು ಮಾಡಿ ನಡುವ ನಡಕೋತ ಹೋಗಿ ಪ್ರಮಾಣ ಮಾಡ್ತಾರ. ಅಷ್ಟರಾಗ ಐಗುಪ್ತದ ದಂಡು ಬರ್ತದ ಅಂತ ಸುದ್ದಿ, ಬಾಬೆಲಿನವರು ಒಂದಿಷ್ಟು ದಿನ ಮುತ್ತಿಗಿ ತಗೀತಾರ. ಊರಾಗ ಶಾಂತಿ! ಶಾಂತಿ ಆದ ಕೂಡಲೇ ಈ ದೊಡ್ಡಮಂದಿ ಏನು ಮಾಡಿದ್ರು? ಬಿಟ್ಟ ಆಳುಗಳನ್ನ ಮತ್ತ ಹಿಡಕೊಂಡು ಬಂದು ದುಡಸಾಕ ಹಚ್ಚಿದ್ರು. ಯೆರೆಮೀಯನ ಸಿಟ್ಟು ಇದರ ಮ್ಯಾಲೆ. 6ನೇ ಅಧ್ಯಾಯದಾಗ ಅಂವ ಅನ್ನೂದೂ ಇದನ್ನ: ನನ್ನ ಜನರ ಗಾಯಾ ಮ್ಯಾಲೆ ಮ್ಯಾಲೆ ವಾಸಿ ಮಾಡಿ, ಸಮಾಧಾನ ಇಲ್ಲದಾಗ ಸಮಾಧಾನ ಸಮಾಧಾನ ಅಂತಾರ.

ಪ್ರಶ್ನಾರ್ಥಕ
ಮಾಸ್ತರೇ, ಗೌರವ ಇಟ್ಟುಕೊಂಡೇ ಕೇಳ್ತೀನಿ. ಇದೆಲ್ಲ ಬರೆದು ಜೋಡಿಸಿದ್ದು ಯಾವಾಗ? ಯೆರೂಸಲೇಮ್ ಬಿದ್ದಾದ ಮೇಲೆ. ಊರು ಸುಟ್ಟ ಮೇಲೆ "ನಾನು ಮೊದಲೇ ಹೇಳಿದ್ದೆ" ಅಂದವನೇ ನಿಜವಾದ ಪ್ರವಾದಿ ಆಗೋದು ಸಹಜ. ಹನನ್ಯ ನನ್ನ ಕಣ್ಣಿಗೆ ಒಬ್ಬ ದೇಶಪ್ರೇಮಿ. ಯೆರೆಮೀಯನ ಕಥೆ ನೋಡಿ, ಊರು ಬಿದ್ದಾಗ ನೆಬೂಕದ್ನೆಚ್ಚರನೇ "ಅವನಿಗೇನೂ ತೊಂದರೆ ಮಾಡಬೇಡಿ, ಚೆನ್ನಾಗಿ ನೋಡ್ಕೊಳ್ಳಿ" ಅಂತ ಸೇನಾಧಿಪತಿಗೆ ಅಪ್ಪಣೆ ಕೊಡ್ತಾನೆ, ಅದೂ ಅದೇ ಪುಸ್ತಕದ 39ನೇ ಅಧ್ಯಾಯದಲ್ಲಿದೆ. ಗೆದ್ದವನ ಜೊತೆ ರಾಜಿ ಮಾಡ್ಕೊಂಡವನ ಶಾಂತಿಯನ್ನ ನಾವು ದೊಡ್ಡ ನೀತಿ ಅಂತ ಓದಬೇಕಾ?

ಇನ್ನು ಸೊಲೊಮೋನ. ಅವನ ಹೆಸರಲ್ಲೇ ಶಾಂತಿ ಇದೆ, ರಕ್ತ ಸುರಿಸಿದ ದಾವೀದ ದೇವಾಲಯ ಕಟ್ಟಬಾರದು, ಇವನು ಕಟ್ಟಬೇಕು ಅಂತಾರೆ. ಪ್ರತಿಯೊಬ್ಬರೂ ತಂತಮ್ಮ ದ್ರಾಕ್ಷಿಬಳ್ಳಿ, ಅಂಜೂರದ ಮರದ ಕೆಳಗೆ ನಿಶ್ಚಿಂತೆಯಾಗಿದ್ದರು ಅಂತ ವರ್ಣನೆ ಬೇರೆ. ಒಂದು ಪುಟ ತಿರುಗಿಸಿದರೆ 30,000 ಜನರನ್ನ ಬಿಟ್ಟಿ ದುಡಿಮೆಗೆ ಲೆಬನೋನಿಗೆ ಕಳಿಸಿದ ಲೆಕ್ಕ ಇದೆ. ಅವನು ಸತ್ತ ಕೂಡಲೇ ರಾಜ್ಯ ಎರಡು ಹೋಳು, ಕಾರಣ ಅದೇ ಬಿಟ್ಟಿ ಚಾಕರಿ. ಆ ಮರದ ಕೆಳಗೆ ಕೂತಿದ್ದವರು ಯಾರು ಸ್ವಾಮಿ?

ಧಾರವಾಡದ ಮಾಸ್ತರ
ಸೊಲೊಮೋನನ ಬಗ್ಗೆ ನಿಮ್ಮ ಮಾತು ಒಪ್ಪತಕ್ಕದ್ದ. ಆದ್ರ ಆ ಲೆಕ್ಕಾ ನಿಮಗ ಕೊಟ್ಟವರು ಯಾರು? ಅದ ಪುಸ್ತಕದವರ ಅಲ್ಲೇನ್ರಿ? ಹೊಗಳಿಕೀ ಬಾಜೂಕನ ಬಿಟ್ಟಿ ದುಡಿಮೀ ಲೆಕ್ಕಾ ಬರದು ಇಟ್ಟಾರ, ಅಳಸಿಲ್ಲ. ಅದು ನನಗ ದೊಡ್ಡದು ಅನಸ್ತದ.

ಶಾಸನಪ್ರಿಯ
'ರಾಜಿ' ವಿಷಯಕ್ಕೆ ಮಣ್ಣಿನ ಸಾಕ್ಷಿ ಇದೆ, ಅದನ್ನು ಸೇರಿಸುತ್ತೇನೆ. ಬಾಬೆಲಿಗೆ ಹೋದ ಯೆಹೂದ್ಯರು ಏನಾದರು ಎನ್ನುವುದಕ್ಕೆ ಬೆಣೆಲಿಪಿಯ ಜೇಡಿಮಣ್ಣಿನ ಹಲಗೆಗಳು ಸಿಕ್ಕಿವೆ, ಸುಮಾರು 200. ಅವುಗಳಲ್ಲಿ ಮೊದಲನೆಯದು ಕ್ರಿ.ಪೂ. 572ರದು, ಅಂದರೆ ದೇವಾಲಯ ಸುಟ್ಟು ಹದಿನೈದು ವರ್ಷವೂ ಆಗಿರಲಿಲ್ಲ. ಊರಿನ ಹೆಸರೇ 'ಆಲ್ ಯಾಹೂದು', ಯೆಹೂದದ ಪಟ್ಟಣ. ಅದರಲ್ಲಿ ಕವಿತೆ ಇಲ್ಲ, ವಿಲಾಪ ಇಲ್ಲ. ಬಾರ್ಲಿ ಸಾಲ, ಖರ್ಜೂರದ ಗುತ್ತಿಗೆ, ಕಂದಾಯ, ಸಾಕ್ಷಿಗಳ ಹೆಸರು. ಸಾಕ್ಷಿಗಳಲ್ಲಿ ಯೆಹೂದ್ಯರ ದೇವರಾದ ಯಾಹ್ವೆಯ ಹೆಸರು ಸೇರಿದ ಹೆಸರುಗಳು. ಯೆರೆಮೀಯನ ಕಾಗದದಲ್ಲಿರುವ ತೋಟ, ಮನೆ, ಮದುವೆ ನಿಜಕ್ಕೂ ನಡೆದವು.

ಇದನ್ನು ಗುಲಾಮಗಿರಿ ಎನ್ನಬಹುದು, ಬದುಕುವ ಜಾಣತನ ಎನ್ನಬಹುದು. ನನಗೆ ಕಾಣುವ ವ್ಯತ್ಯಾಸ ಬೇರೆ. ಹನನ್ಯನ ಶಾಂತಿ ಕಾಯುವ ಶಾಂತಿ, ಎರಡು ವರ್ಷ ಕೈಕಟ್ಟಿ ಕೂತರೆ ಸಾಕು. ಯೆರೆಮೀಯನದು ಎಪ್ಪತ್ತು ವರ್ಷದ ಶಾಂತಿ, ಗಿಡ ನೆಡಬೇಕು, ಅದೂ ಪಕ್ಕದ ಮನೆಯ ಬಾಬೆಲಿನವನ ಜೊತೆ ನೀರು ಹಂಚಿಕೊಂಡು.

ಅದೇ ಕಾಲದ ಇನ್ನೊಂದು ವಸ್ತು. ಯೆರೂಸಲೇಮಿನ ಹಳೇ ಕೋಟೆಯ ಹೊರಗೆ ಹಿನ್ನೋಮ್ ಕಣಿವೆಯ ಒಂದು ಗೋರಿಯಲ್ಲಿ 1979ರಲ್ಲಿ ಎರಡು ಬೆಳ್ಳಿ ತಗಡಿನ ತಾಯಿತಗಳು ಸಿಕ್ಕವು. ಸುರುಳಿ ಸುತ್ತಿದ್ದವು, ಮುರಿಯದಂತೆ ಬಿಚ್ಚುವುದಕ್ಕೇ ವರ್ಷಗಳು ಹಿಡಿದವು. ದೊಡ್ಡದು ಬಿಚ್ಚಿದಾಗ ಸುಮಾರು 10 ಸೆಂ.ಮೀ. ಉದ್ದ. ಮೊಳೆಯಿಂದ ಗೀಚಿದ ಹಾಗಿರುವ ಸಣ್ಣ ಅಕ್ಷರಗಳಲ್ಲಿ ಬೈಬಲಿನ ಅರಣ್ಯಕಾಂಡ ಎಂಬ ಪುಸ್ತಕದ ಯಾಜಕರ ಆಶೀರ್ವಾದ: ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ, ತನ್ನ ಮುಖವನ್ನು ನಿನ್ನ ಮೇಲೆ ಪ್ರಕಾಶಿಸಲಿ, ನಿನಗೆ ಶಾಂತಿ ಕೊಡಲಿ. ಬೈಬಲಿನ ಮಾತು ಬರೆದದ್ದು ಎನ್ನಲು ಇಂದಿಗೂ ಇದಕ್ಕಿಂತ ಹಳೆಯದು ಸಿಕ್ಕಿಲ್ಲ.

ನೇತ್ರಾವತಿ ದಡ
ನಾನು ಬಂಟ್ವಾಳ ಕಡೆಯವಳು, ಇಸ್ರೇಲಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ನಮ್ಮ ಮಂಗಳೂರು ಕಡೆಯವರು ತುಂಬಾ ಜನ ಇದೇ ಕೆಲಸದಲ್ಲಿದ್ದಾರೆ. ದೊಡ್ಡ ಪುಸ್ತಕ ಓದಿದವಳಲ್ಲ, ನೋಡಿದ್ದು ಹೇಳ್ತೇನೆ.

ಇಲ್ಲಿ ಬೆಳಿಗ್ಗೆ ಎದ್ದರೆ "ಮಾ ಶ್ಲೋಮೇಖ್?" ಅಂತ ಕೇಳ್ತಾರೆ, ನಾವು "ಹೇಗಿದ್ದೀರಿ" ಅಂದ ಹಾಗೆ, ಕೇಳುವುದು ನಿನ್ನ ಶಾಂತಿ ಹೇಗಿದೆ ಅಂತ. ಸೈರನ್ ಕೂಗಿದಾಗ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಕಾಂಕ್ರೀಟ್ ಕೋಣೆಗೆ ಓಡಬೇಕು, ಇಲ್ಲಿ ಅದಕ್ಕೆ ಮಮಾದ್ ಅಂತಾರೆ. ಬಾಗಿಲು ಹಾಕಿ ಉಸಿರು ಬಿಟ್ಟ ಮೇಲೂ ಅಜ್ಜಿ ನನ್ನ ಹತ್ತಿರ ಅದನ್ನೇ ಕೇಳುವುದು!

ಶುಕ್ರವಾರ ಸಂಜೆ ದೀಪ ಹಚ್ಚುವುದಕ್ಕೆ ಒಂದು ನಿಯಮ ಉಂಟು, ಅಜ್ಜಿಯ ಅಳಿಯ ಹೇಳಿದ್ದು. ಹನುಕ್ಕಾ ಹಬ್ಬದ ದೀಪಕ್ಕೂ ವಾರದ ವಿಶ್ರಾಂತಿ ದಿನ ಶಬ್ಬಾತ್‌ನ ಮನೆ ದೀಪಕ್ಕೂ ಎಣ್ಣೆ ಸಾಲದಷ್ಟು ಬಡವನಾದರೆ ಯಾವುದು ಮೊದಲು? ಯೆಹೂದಿ ಪಂಡಿತರ ಧರ್ಮಚರ್ಚೆಯ ಗ್ರಂಥ ತಾಲ್ಮುಡ್ ಹೇಳುವುದು ಮನೆ ದೀಪ. ಹನುಕ್ಕಾ ದೊಡ್ಡ ಪವಾಡದ ನೆನಪು, ಯುದ್ಧ ಗೆದ್ದದ್ದರ ನೆನಪು. ಆದರೂ ಮನೆಯವರು ಕತ್ತಲೆಯಲ್ಲಿ ಎಡವಬಾರದು, ಅದು ಮನೆಯ ಶಾಂತಿ, 'ಶಲೋಮ್ ಬಾಯಿತ್'. ನನಗೆ ಅದು ತುಂಬಾ ಹಿಡಿಸಿತು. ದೇವರ ಪವಾಡಕ್ಕಿಂತ ಮನೆಯವರ ಕಾಲು ಮೊದಲು.

ಆದರೆ ಅದೇ ಮಾತನ್ನು ಬೇರೆ ಥರವೂ ಬಳಸ್ತಾರೆ. ಗಂಡ ಹೊಡೆಯುವ ಮನೆಯ ಹೆಂಗಸರಿಗೆ 'ಶಲೋಮ್ ಬಾಯಿತ್ ಉಳಿಸಿಕೋ' ಅಂತ ಹಿರಿಯರು ವಾಪಸ್ ಕಳಿಸುವುದನ್ನು ಇಲ್ಲಿನ ಹೆಂಗಸರೇ ಬೈತಾರೆ.

ತುಂಗಾತೀರ
ಅಕ್ಕ, ನೀವು ಹೇಳಿದ್ದು ಕೇಳಿ ದಾವೀದನ ಕಥೆ ನೆನಪಾಯ್ತು. ಯುದ್ಧಭೂಮಿಯಿಂದ ಕರೆಸಿದ ಸೈನಿಕ ಊರೀಯನ ಹತ್ತಿರ ದಾವೀದ ಸೇನಾಪತಿ ಯೋವಾಬನ ಶಾಲೋಮ್, ಜನರ ಶಾಲೋಮ್, ಕೊನೆಗೆ ಯುದ್ಧದ ಶಾಲೋಮ್ ವಿಚಾರಿಸ್ತಾನೆ. ಯುದ್ಧದ ಕ್ಷೇಮಸಮಾಚಾರ! ಕೇಳ್ತಿರೋನು ಅವನ ಹೆಂಡತಿಯನ್ನು ಕೆಡಿಸಿದವನು, ಇನ್ನು ಸ್ವಲ್ಪ ದಿನದಲ್ಲಿ ಅವನನ್ನೇ ಕೊಲ್ಲಿಸುವವನು. ಉಪಚಾರದ ಮಾತು ಇಷ್ಟು ಹೇಸಿಗೆ ಆಗಿ ಕಂಡದ್ದು ನನಗೆ ಬೇರೆ ಎಲ್ಲೂ ಇಲ್ಲ.

ಎರಡನೇ ಮಗಳು
ಇಷ್ಟು ದಿನ ಇಲ್ಲಿ ಓದಿಕೊಂಡು ಸುಮ್ಮನಿದ್ದೆ. ಮೇಲಿನ ಅಕ್ಕನ ಕೊನೆಯ ಸಾಲು ನೋಡಿ ಬರೀಬೇಕು ಅನ್ನಿಸಿತು.

ನಮ್ಮದು ಕ್ರೈಸ್ತ ಕುಟುಂಬ, ಹಾಸನದ ಕಡೆ. ಅಮ್ಮ ಮೊದಲೇ ಹೋದರು, ಆಮೇಲೆ ಅಪ್ಪ. ವಿಲ್ ಇಲ್ಲ. ಅಣ್ಣ ಒಬ್ಬ, ನಾವಿಬ್ಬರು ಹೆಣ್ಣುಮಕ್ಕಳು. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ನಾನು ಹಾಕಲಿಲ್ಲ. ಅಣ್ಣ ಸಭೆಯ ಹಿರಿಯರೊಬ್ಬರನ್ನು ಮನೆಗೆ ಕರೆತಂದ. ಅವರು ಪ್ರಾರ್ಥನೆ ಮಾಡಿ, ಕಾಫಿ ಕುಡಿದು, "ಸಮಾಧಾನಪಡಿಸುವವರು ಧನ್ಯರು ಅಂತ ಸ್ವಾಮಿ ಹೇಳಿದ್ದಾರಲ್ಲಮ್ಮ, ಸಹಿ ಹಾಕಿಬಿಡು, ತವರಿನ ಬಾಗಿಲು ತೆರೆದಿರಲಿ" ಅಂದರು. "ನ್ಯಾಯವಾಗಿ ನಿನಗೆ ಬರಬೇಕು, ಅದು ನನಗೂ ಗೊತ್ತು" ಅಂತಲೂ ಅಂದರು. ಗೊತ್ತಿದ್ದೂ ಹೇಳಿದರು, ಅದೇ ನನ್ನ ಸಂಕಟ. ಜಗಳಗಂಟಿ ಅನ್ನೋ ಹೆಸರು ಈಗ ನನಗೆ.

ಇಲ್ಲಿ ಓದಿದವರಿದ್ದೀರಿ. ಬೈಬಲಿನಲ್ಲಿ ಸಮಾಧಾನ ಅಂದರೆ ಇದೇನಾ?

ಕಾನೂನು ಕಟ್ಟೆ
ಮೇಡಂ, ಧರ್ಮದ ಉತ್ತರ ಬೇರೆಯವರು ಕೊಡಲಿ, ಕಾನೂನಿನದು ನಾನು ಹೇಳ್ತೀನಿ. ಕ್ರೈಸ್ತರಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಇಲ್ಲದೆ ತಂದೆ ತೀರಿಕೊಂಡು, ತಾಯಿಯೂ ಇಲ್ಲ ಅಂದರೆ, ಅವರ ಹೆಸರಲ್ಲಿದ್ದ ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಸಮಪಾಲು. ಗಂಡು ಹೆಣ್ಣು ಭೇದ ಇಲ್ಲ, ಮದುವೆ ಆಗಿದೆಯೋ ಇಲ್ಲವೋ ಅನ್ನೋ ಪ್ರಶ್ನೆಯೂ ಇಲ್ಲ. ಬಿಡುಗಡೆ ಪತ್ರ ನೋಂದಣಿ ಆಗಿಬಿಟ್ಟರೆ ರದ್ದು ಮಾಡಿಸೋದು ಬಹಳ ಕಷ್ಟ, ಒತ್ತಡದಿಂದ ಹಾಕಿಸಿಕೊಂಡರು ಅಂತ ನೀವೇ ಸಾಬೀತು ಮಾಡಬೇಕು. ಬೇಡ ಅನ್ನಿಸಿದರೆ ಹಾಕಬೇಡಿ. ಕೊಡಬೇಕು ಅನ್ನಿಸಿದರೆ ಪಾಲು ನಿಮ್ಮ ಹೆಸರಿಗೆ ಬಂದ ಮೇಲೂ ಕೊಡಬಹುದು.

ಶಾಸನಪ್ರಿಯ
ಎರಡನೇ ಮಗಳು ಅವರೇ, ನೀವು ಕೇಳಿದ ಪ್ರಶ್ನೆಯನ್ನು ಯೆಹೂದಿ ಪಂಡಿತರು ಇದ್ದದ್ದು ಇದ್ದಂತೆಯೇ ಎತ್ತಿಕೊಂಡು ಜಗಳ ಆಡಿದ್ದಾರೆ. ತಾಲ್ಮುಡ್‌ನ ಸನ್ಹೆದ್ರಿನ್ ಭಾಗ, ಆರನೇ ಹಾಳೆಯ ಎರಡನೇ ಮಗ್ಗುಲು. ಪ್ರಶ್ನೆ: ನ್ಯಾಯ ಕೇಳಿ ಬಂದವರಿಗೆ ನ್ಯಾಯಾಧೀಶ ರಾಜಿ ಮಾಡಿಕೊಳ್ಳಿ ಅನ್ನಬಹುದೇ?

ಒಬ್ಬ ರಬ್ಬಿ ಖಡಾಖಂಡಿತ: ರಾಜಿ ಮಾಡಿಸುವುದೇ ಪಾಪ, ನ್ಯಾಯ ಬೆಟ್ಟವನ್ನೂ ಕೊರೆದುಕೊಂಡು ಹೋಗಲಿ. ಅದು ಮೋಶೆಯ ಪಂಥ. ಆದರೆ ಮೋಶೆಯ ಅಣ್ಣ ಆರೋನ ಶಾಂತಿ ಪ್ರಿಯ, ಮನೆಮನೆಗೆ ಹೋಗಿ ಜಗಳ ಬಿಡಿಸುತ್ತಿದ್ದ. ಇನ್ನೊಬ್ಬ ರಬ್ಬಿ, ಯೆಹೋಶುವ ಬೆನ್ ಕೊರ್ಹಾ: ರಾಜಿ ಮಾಡಿಸುವುದೇ ಪುಣ್ಯ. ಅವನ ಆಧಾರ ಪ್ರವಾದಿ ಜೆಕರ್ಯ: 'ನಿಮ್ಮ ಊರಬಾಗಿಲುಗಳಲ್ಲಿ ಸತ್ಯದ, ಶಾಂತಿಯ ನ್ಯಾಯ ತೀರಿಸಿರಿ.' ಅವನ ವಾದ ಹೀಗೆ: ಕಟ್ಟುನಿಟ್ಟು ನ್ಯಾಯ ಇದ್ದಲ್ಲಿ ಶಾಂತಿ ಇಲ್ಲ, ಶಾಂತಿ ಇದ್ದಲ್ಲಿ ಕಟ್ಟುನಿಟ್ಟು ನ್ಯಾಯ ಇಲ್ಲ. ಎರಡೂ ಇರುವ ನ್ಯಾಯ ಯಾವುದು? ರಾಜಿ.

ನಿಮ್ಮ ಹಿರಿಯರು ಇಲ್ಲಿಗೇ ಓದು ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೆ ಅದೇ ಹಾಳೆಯಲ್ಲಿ ಮೂರನೆಯ ರಬ್ಬಿ, ಶಿಮೋನ್ ಬೆನ್ ಮೆನಸ್ಯಾ, ಒಂದು ಗೆರೆ ಎಳೆಯುತ್ತಾನೆ. ಇಬ್ಬರ ಮಾತು ಕೇಳುವ ಮೊದಲು, ಅಥವಾ ಕೇಳಿಯೂ ನ್ಯಾಯ ಯಾವ ಕಡೆ ವಾಲುತ್ತದೆ ಅಂತ ತಿಳಿಯುವ ಮೊದಲು, 'ಹೋಗಿ ರಾಜಿ ಮಾಡಿಕೊಳ್ಳಿ' ಅನ್ನಬಹುದು. ನ್ಯಾಯ ಯಾವ ಕಡೆ ವಾಲುತ್ತದೆ ಅಂತ ನಿನಗೆ ಗೊತ್ತಾದ ಮೇಲೆ ಹಾಗನ್ನುವ ಅಧಿಕಾರ ನಿನಗಿಲ್ಲ.

'ನಿನಗೆ ಬರಬೇಕು, ನನಗೂ ಗೊತ್ತು' ಎಂದರಲ್ಲ, ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವರ ಮಧ್ಯಸ್ಥಿಕೆ ಮುಗಿಯಿತು.

ಪ್ರಶ್ನಾರ್ಥಕ
ಇದು ಮಾತ್ರ ಗಟ್ಟಿ ಇದೆ ಸರ್. ಆದರೂ ಆರೋನನ ಬಗ್ಗೆ ಪೂರ್ತಿ ಹೇಳಿ. ಇಬ್ಬರು ಜಗಳ ಆಡಿದರೆ ಅವನು ಒಬ್ಬನ ಹತ್ತಿರ ಹೋಗಿ "ನಿನ್ನ ಗೆಳೆಯ ಎದೆ ಬಡ್ಕೊಂಡು ಅಳ್ತಿದ್ದಾನೆ, ನನ್ನದೇ ತಪ್ಪು ಅಂತಿದ್ದಾನೆ" ಅಂತ ಹೇಳೋದು, ಇನ್ನೊಬ್ಬನ ಹತ್ತಿರ ಹೋಗಿ ಅದನ್ನೇ ಹೇಳೋದು. ಇಬ್ಬರೂ ಎದುರಾದಾಗ ತಬ್ಬಿಕೊಳ್ತಾರೆ. ಶುದ್ಧ ಸುಳ್ಳು ಅದು! ದೇವರೂ ಅದನ್ನೇ ಮಾಡಿದ ಅಂತ ತಾಲ್ಮುಡ್ ಹೇಳುತ್ತಲ್ಲ. "ಗಂಡನಿಗೂ ಮುಪ್ಪಾಗಿದೆ" ಅಂತ ಸಾರಳು ನಕ್ಕದ್ದನ್ನು ಅಬ್ರಹಾಮನಿಗೆ ಹೇಳುವಾಗ "ನಾನು ಮುದುಕಿ ಅಂದಳು" ಅಂತ ತಿದ್ದಿ ಹೇಳ್ತಾನೆ. ಶಾಂತಿಗಾಗಿ ಸುಳ್ಳು ನಡೆಯುತ್ತೆ ಅಂದ ಮೇಲೆ, ನ್ಯಾಯ ಸತ್ಯ ಎಲ್ಲ ಯಾಕೆ?

ನೇತ್ರಾವತಿ ದಡ
ಆರೋನ ಇಬ್ಬರ ಮನೆಗೂ ಹೋದ ಅಲ್ವಾ ಸರ್? ಇವರ ಸಭೆಯ ಹಿರಿಯರು ಒಂದೇ ಮನೆಗೆ ಹೋದದ್ದು. ಅಣ್ಣನ ಹತ್ತಿರ ಹೋಗಿ "ತಂಗಿ ಅಳ್ತಿದ್ದಾಳೆ" ಅಂತ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ.

ಎರಡನೇ ಮಗಳು
ಇಲ್ಲ ಅಕ್ಕ. ಯಾರೂ ಹೇಳಿಲ್ಲ.

ತುಂಗಾತೀರ
ಯೆಹೂದಿಗಳ ಹತ್ತಿರ 'ಶಾಂತಿಯ ದಾರಿಗಳಿಗಾಗಿ' ಅನ್ನೋ ಹೆಸರಲ್ಲಿ ಒಂದಷ್ಟು ಕಟ್ಟಳೆ ಇವೆ ಅಂತ ಓದಿದ್ದೆ. ಮಿಷ್ನಾ ಅನ್ನೋ ಅವರ ಹಳೇ ಕಟ್ಟಳೆಗಳ ಸಂಗ್ರಹದಲ್ಲಿ ಪಟ್ಟಿ ಇದೆ. ಕುಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯೋಕೆ ಬಂದ ಅನ್ಯಜನರ ಬಡವರನ್ನೂ ತಡೀಬಾರದು. ಕಾಲುವೆಗೆ ಯಾವನ ಗುಂಡಿ ಹತ್ತಿರವೋ ಅವನದು ಮೊದಲು ತುಂಬಲಿ. ಇವೆಲ್ಲ ಶಾಂತಿಯ ದಾರಿಗಾಗಿ ಅಂತೆ! ಎರಡನೇದನ್ನ ನಮ್ಮ ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ರೈತರ ಮುಂದೆ ಓದಿದರೆ ರಬ್ಬಿಯನ್ನೇ ಕಾಲುವೆಗೆ ತಳ್ಳಿಬಿಟ್ಟಾರು.

ಇರಲಿ, ನನ್ನ ಖಡ್ಗದ ಪ್ರಶ್ನೆ ಹಾಗೇ ಉಳೀತು. ಯೇಸು ಯಾಕೆ ಹಾಗಂದ?

ಶಾಸನಪ್ರಿಯ
ಅದಕ್ಕೆ ಆ ಕಾಲದಲ್ಲಿ 'ಶಾಂತಿ' ಯಾರ ಸರಕಾಗಿತ್ತು ಅಂತ ನೋಡಬೇಕು. ಕ್ರಿ.ಪೂ. 9ರಲ್ಲಿ ರೋಮಿನಲ್ಲಿ ಆಗಸ್ಟಸ್‌ನ ಹೆಸರಲ್ಲಿ ಶಾಂತಿಯ ಬಲಿಪೀಠ ಪ್ರತಿಷ್ಠೆಯಾಯಿತು, ಅಮೃತಶಿಲೆಯದು, ಇಂದಿಗೂ ಇದೆ. ಜಾಗ ಯಾವುದು? ಯುದ್ಧದೇವತೆ ಮಾರ್ಸ್‌ನ ಬಯಲು. ಸ್ಪೇನ್, ಗಾಲ್ ಅಡಗಿಸಿ ಬಂದದ್ದಕ್ಕೆ ಸೆನೆಟ್ ಕಟ್ಟಿಸಿದ್ದು. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮನ್ನು ಸುಟ್ಟರು. ಐದು ವರ್ಷಕ್ಕೆ, 75ರಲ್ಲಿ, ಚಕ್ರವರ್ತಿ ವೆಸ್ಪಾಸಿಯನ್ ರೋಮಿನಲ್ಲಿ ಒಂದು ದೇವಾಲಯ ಕಟ್ಟಿಸಿ ದೋಚಿ ತಂದ ಚಿನ್ನದ ಪಾತ್ರೆಗಳನ್ನು ಅದರಲ್ಲಿ ಇಟ್ಟ. ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆ ದೇವಾಲಯದ ಹೆಸರು: ಶಾಂತಿಯ ದೇವಾಲಯ. ಹಾಳುಗೆಡವಿ ಅದಕ್ಕೇ ಶಾಂತಿ ಅನ್ನುತ್ತಾರೆ ಎಂಬ ಮಾತನ್ನು ರೋಮನ್ ಇತಿಹಾಸಕಾರ ಟಾಸಿಟಸ್ ಒಬ್ಬ ಬ್ರಿಟನ್ ನಾಯಕನ ಬಾಯಲ್ಲಿ ಹಾಕಿದ್ದು ಇದೇ ಶತಮಾನದ ಕೊನೆಗೆ.

ಮತ್ತಾಯನ ಸುವಾರ್ತೆ ಈ ಸುಟ್ಟ ಊರಿನ ನೆರಳಲ್ಲಿ ಬರೆದದ್ದು ಅಂತ ಬಹುಪಾಲು ವಿದ್ವಾಂಸರ ಅಭಿಪ್ರಾಯ. 'ಖಡ್ಗ' ಅಂದ ಮರುಸಾಲನ್ನು ನೋಡಿ: ಮಗನಿಗೂ ತಂದೆಗೂ, ಮಗಳಿಗೂ ತಾಯಿಗೂ, ಸೊಸೆಗೂ ಅತ್ತೆಗೂ ಭೇದ. ಅದು ಪ್ರವಾದಿ ಮೀಕನ ಮಾತಿನ ಉಲ್ಲೇಖ. ಯುದ್ಧಕ್ಕೆ ಕರೆ ಅಲ್ಲ ಅದು, ಮನೆಯೊಳಗಿನ ಬಿರುಕಿನ ಮಾತು. ನಿಜ ಹೇಳಿದರೆ ಮನೆ ಒಡೆಯುತ್ತದೆ, ಗೊತ್ತಿದ್ದೇ ಬನ್ನಿ ಅಂತ. ಅದೇ ಸುವಾರ್ತೆಯಲ್ಲಿ ಕತ್ತಿ ಹಿಡಿದ ಶಿಷ್ಯನಿಗೆ 'ಒರೆಗೆ ಹಾಕು' ಅಂತಲೂ ಇದೆ.

ಪ್ರಶ್ನಾರ್ಥಕ
ಅದೇ ಯೇಸುವಿನ ಹೆಸರಲ್ಲಿ ಮುಂದೆ ಧರ್ಮಯುದ್ಧಗಳೇ ನಡೆದವು ಅನ್ನೋದನ್ನ ಮರೀಬೇಡಿ. ಸಂತ ಅಗಸ್ಟೀನ್ ಐದನೇ ಶತಮಾನದಲ್ಲೇ ಪ್ರಾಮಾಣಿಕವಾಗಿ ಬರೆದ: ಶಾಂತಿ ಬೇಡ ಅನ್ನೋನು ಯಾರೂ ಇಲ್ಲ, ದರೋಡೆಕೋರನಿಗೂ ತನ್ನ ಗುಂಪಿನೊಳಗೆ ಶಾಂತಿ ಬೇಕು. ಯುದ್ಧಪಿಪಾಸುವಿಗೂ ಬೇಕಿರೋದು ಶಾಂತಿಯೇ, ತನಗೆ ಬೇಕಾದ ಹಾಗಿರೋ ಶಾಂತಿ. 'ಖಡ್ಗಗಳನ್ನ ನೇಗಿಲ ಗುಳ ಮಾಡುವರು' ಅನ್ನೋ ಯೆಶಾಯನ ಸಾಲಿನ ಪ್ರತಿಮೆಯನ್ನ ವಿಶ್ವಸಂಸ್ಥೆಗೆ ಉಡುಗೊರೆ ಕೊಟ್ಟಿದ್ದು ಯಾರು ಗೊತ್ತಾ? 1959ರಲ್ಲಿ ಸೋವಿಯತ್ ಒಕ್ಕೂಟ! ಬೈಬಲಿನಲ್ಲೇ ಯೋವೇಲ ಅನ್ನೋ ಪ್ರವಾದಿ ಅದನ್ನ ತಿರುವಿ ಹಾಕಿದ್ದಾನೆ: ನಿಮ್ಮ ಗುಳಗಳನ್ನ ಬಡಿದು ಕತ್ತಿ ಮಾಡಿ. ಅದನ್ನ ಯಾರೂ ಕಂಚಲ್ಲಿ ಎರಕ ಹೊಯ್ಯಲ್ಲ.

ಧಾರವಾಡದ ಮಾಸ್ತರ
ನಿಮ್ಮ ಅಗಸ್ಟೀನ್ ಮಾತಿಗೆ ಉತ್ತರ 1963ರಾಗ ಬರ್ಮಿಂಗ್‌ಹ್ಯಾಮ್ ಜೇಲಿನ್ಯಾಗ ಕೂತು ಮಾರ್ಟಿನ್ ಲೂಥರ್ ಕಿಂಗ್ ಬರದಾರ. ಗದ್ಲ ಬ್ಯಾಡ, ತಡೀರಿ ಅಂತ ಪತ್ರ ಬರದಿದ್ದ ಎಂಟು ಮಂದಿ ಧರ್ಮಗುರುಗಳಿಗೆ ಅದು ಉತ್ತರ. ಗದ್ಲ ಇಲ್ಲದ್ದು ಒಂದು ಶಾಂತಿ, ನ್ಯಾಯ ಇರೂದು ಇನ್ನೊಂದು ಶಾಂತಿ, ನಿಮಗ ಮೊದಲನೇದ್ದ ಸಾಕಾಗೇದ ಅಂತ. ದಕ್ಷಿಣ ಆಫ್ರಿಕಾದಾಗ 1985ರಾಗ ವರ್ಣಭೇದದ ವಿರುದ್ಧ ಕೈರೋಸ್ ದಸ್ತಾವೇಜು ಬರದ ಕ್ರೈಸ್ತರೂ ಇದನ್ನ ಅಂದ್ರು: ಪಶ್ಚಾತ್ತಾಪ ಇಲ್ಲದ ಸಂಧಾನ ಕ್ರಿಸ್ತನದಲ್ಲ. ಇಬ್ಬರೂ ಯೆರೆಮೀಯನ ವಂಶಾನ ನೋಡ್ರಿ.

ಈಗ ತಂಗೀಗೆ ಒಂದು ಮಾತು. ನಮ್ಮ ಸಿ.ಎಸ್.ಐ. ಸಭಾದಾಗ ಕರ್ತನ ಭೋಜನದ ಆರಾಧನಿ ಒಳಗ ಸಮಾಧಾನ ಹಂಚತೀವಲ್ಲ, ಅದು ಎಲ್ಲಿಂದ ಬಂತು ಗೊತ್ತದ ಏನವ್ವಾ? 1947ರ ಸೆಪ್ಟೆಂಬರ್ 27ಕ್ಕ ಮದ್ರಾಸಿನ್ಯಾಗ ಬ್ಯಾರೆ ಬ್ಯಾರೆ ಸಭಾದವರು ಕೂಡಿ ದಕ್ಷಿಣ ಭಾರತ ಸಭಾ ಆತು. ಹಿಂದ ಒಬ್ಬರ ಮೇಜಿನ ಮುಂದ ಒಬ್ಬರು ಊಟಾ ಮಾಡದವರು. 1950ರಾಗ ಹೊಸಾ ಆರಾಧನಾ ಕ್ರಮ ಬರದಾಗ ಕೇರಳದ ಸುರಿಯಾನಿಯವರ ಹಳೇ ಪದ್ಧತಿ ನೋಡಿ ಇದನ್ನ ತಂದ್ರು. ಪಾಲಕರಿಂದ ಸುರುವಾಗಿ ಕೈಯಿಂದ ಕೈಗೆ. ಕೊಡಾಂವ ತನ್ನ ಬಲಗೈ ಅಂಗೈನ ಎದರಿನವರ ಬಲಗೈ ಅಂಗೈಗೆ ಹಚ್ಚಬೇಕು, ಇಬ್ಬರೂ ಎಡಗೈ ಮ್ಯಾಲೆ ಮುಚ್ಚಬೇಕು, ಅಂತ ಪುಸ್ತಕದಾಗ ಬರದದ. ಪಶ್ಚಿಮದ ಸಭಾಗಳು ಇದನ್ನ ನಮ್ಮಿಂದ ನೋಡಿ ಕಲತಾವ.

ಮತ್ತ ಅದರ ಜಾಗಾ ನೋಡ್ರಿ, 'ಕಾಣಿಕಿ ಎತ್ತೂಕಿಂತ ಮೊದಲ'. ಯಾಕಂದ್ರ ಮತ್ತಾಯ 5ನೇ ಅಧ್ಯಾಯದಾಗ ಅದ: ನೀ ಕಾಣಿಕಿ ತಂದು ಯಜ್ಞವೇದಿ ಮುಂದ ನಿಂತಾಗ ನಿನ್ನ ಸಹೋದರನ ಮನಸಿನ್ಯಾಗ ನಿನ್ನ ಮ್ಯಾಲೆ ಏನರೆ ಅದ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಇಟ್ಟು ಹೋಗಿ ಮೊದಲ ಅವನ ಕೂಡ ಸಮಾಧಾನ ಆಗು. 'ನಿನ್ನ ಮನಸಿನ್ಯಾಗ ಅವನ ಮ್ಯಾಲೆ' ಅಂತ ಇಲ್ಲವ್ವಾ. ಎದ್ದು ಹೋಗಬೇಕಾದಾಂವ ಬಾಕಿ ಉಳಿಸಿಕೊಂಡಾಂವ. ಈ ಲೆಕ್ಕದಾಗ ನಡೀಬೇಕಾದ್ದು ನಿಮ್ಮಣ್ಣ, ನೀ ಅಲ್ಲ.

ಹಸಿರುಗಂಬಳಿ
ಕಥೋಲಿಕರ ಕಡೆಯಿಂದ ಒಂದು ಸಣ್ಣ ಸೇರ್ಪಡೆ. ನಮ್ಮ ಬಲಿಪೂಜೆಯಲ್ಲಿ ಶಾಂತಿ ವಿನಿಮಯಕ್ಕೆ ಕೈಮುಗಿಯುವ ಪದ್ಧತಿ 1969ರಲ್ಲಿ ರೋಮ್ ಭಾರತಕ್ಕೆ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಬಂದದ್ದು. ಮೊದಲ ಕ್ರೈಸ್ತರು ಮುತ್ತಿಟ್ಟೇ ಕೊಡುತ್ತಿದ್ದರು. ಮಧ್ಯಯುಗದಲ್ಲಿ ಅದರ ಬದಲು ಒಂದು ಹಲಗೆ ಬಂತು, ಎಲ್ಲರೂ ಸಾಲಾಗಿ ಅದಕ್ಕೆ ಮುತ್ತಿಡಬೇಕು. ಯಾರು ಮೊದಲು ಎಂದು ಜಗಳ! 1522ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಒಬ್ಬ ಮುತ್ತಿಟ್ಟ ಶಾಂತಿಹಲಗೆಯನ್ನೇ ಇಗರ್ಜಿಯ ಗುಮಾಸ್ತನ ತಲೆಗೆ ಬಡಿದು ಒಡೆದ ದಾಖಲೆ ಇದೆ.

ಎರಡನೇ ಮಗಳು
ನಗು ಬಂತು ಸರ್, ತುಂಬಾ ದಿನ ಆದಮೇಲೆ.

ಮಾಸ್ತರೇ, ನಮ್ಮ ಸಭೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರೋದು. ಸಮಾಧಾನ ಎರಡು ಸಾಲಾಗಿ ಬರುತ್ತೆ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಅಪ್ಪ ಹೋದ ಮೇಲೆ ಅಣ್ಣ ಒಂದು ಸಲವೂ ನಡುವಿನ ದಾರಿ ದಾಟಿಲ್ಲ. ದಾಟೋ ಪ್ರಮೇಯವೇ ಬರೋದಿಲ್ಲ.

ಅಕ್ಕ ಫೋನ್ ಮಾಡಿದ್ದಳು. ಬಿಟ್ಟುಕೊಟ್ಟವಳು ಅವಳು, ಆದರೂ ಅಣ್ಣ ಅವಳನ್ನು ಹಬ್ಬಕ್ಕೆ ಕರೆದಿಲ್ಲವಂತೆ.

ಕಾನೂನು ಕಟ್ಟೆ
ಇಲ್ಲಿ ಓದಿದವರು ಇಷ್ಟು ಜನ ಇದ್ದೀರಿ ಅಂತ ಕೇಳ್ತೀನಿ. ಯೆರೆಮೀಯ ಜಮೀನು ಕೊಂಡ ಪ್ರಸಂಗ ಒಂದಿದೆ ಅಂತ ನಮ್ಮ ಸೀನಿಯರ್ ಹೇಳ್ತಿದ್ದರು. ನಿಜಾನಾ?

ಧಾರವಾಡದ ಮಾಸ್ತರ
ಖರೇ ಅದ, 32ನೇ ಅಧ್ಯಾಯ. ಊರಿಗೆ ಮುತ್ತಿಗಿ ಬಿದ್ದದ, ಅಂವ ಅರಮನಿ ಕಾವಲಿನಂಗಳದಾಗ ಸೆರಿಯಾಗಿದ್ದಾನ. ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತ್ ಊರಾಗಿನ ಹೊಲಾ ತಗೋ, ಬಿಡಿಸಿಕೊಳ್ಳೂ ಹಕ್ಕು ನಿಂದು ಅಂತಾನ. ಆ ಹೊಲಾ ಅದಾಗಲೇ ಬಾಬೆಲಿನ ದಂಡಿನ ಕಾಲಾಗ ಅದ! 17 ಶೆಕೆಲ್ ಬೆಳ್ಳಿ ತಕ್ಕಡಿಯಾಗ ತೂಗಿ ಕೊಡ್ತಾನ. ಪತ್ರ ಬರದು, ಮುದ್ರಿ ಒತ್ತಿ, ಸಾಕ್ಷಿ ಹಾಕಸ್ತಾನ. ಎರಡು ಪ್ರತಿ: ಒಂದಕ್ಕ ಮುದ್ರಿ ಹಾಕಿದ್ದು, ಇನ್ನೊಂದು ತೆರದದ್ದು. ಬರಹಗಾರ ಬಾರೂಕಗ ಹೇಳ್ತಾನ, ಎರಡನ್ನೂ ಮಣ್ಣಿನ ಗಡಿಗ್ಯಾಗ ಇಡು, ಭಾಳ ದಿನಾ ಉಳೀಬೇಕು. ಈ ನಾಡಿನ್ಯಾಗ ಮನಿ, ಹೊಲಾ, ದ್ರಾಕ್ಷಿತ್ವಾಟಾ ಮತ್ತ ಕೊಳ್ಳೂ ಕಾಲ ಬರ್ತದ ಅಂತ.

ಕಾನೂನು ಕಟ್ಟೆ
ಮುಚ್ಚಿದ ಪ್ರತಿ, ತೆರೆದ ಪ್ರತಿ! ತೆರೆದದ್ದು ನೋಡಿಕೊಳ್ಳೋಕೆ, ತಿದ್ದಿದ್ದಾರೆ ಅಂತ ಅನುಮಾನ ಬಂದರೆ ಮುಚ್ಚಿದ್ದನ್ನ ಒಡೆಯೋಕೆ. 'ಸಮಾಧಾನ ಇಲ್ಲ' ಅಂತ ಕೂಗಾಡಿದವನೇ ಸರಿಯಾಗಿ ಪತ್ರ ಮಾಡಿಸಿದ್ದಾನೆ ನೋಡಿ.

ಎರಡನೇ ಮಗಳು ಅವರೇ, ನೀವೂ ಅದನ್ನೇ ಮಾಡಿ. ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ, ಮೂವರ ಹೆಸರೂ ಇರಬೇಕು. ತಂದೆಯವರ ಮರಣ ಪ್ರಮಾಣಪತ್ರ, ಈಗಿನ ಪಹಣಿ ತೆಗೆಸಿ ಇಟ್ಟುಕೊಳ್ಳಿ. ಖಾತೆ ಬದಲಾವಣೆಗೆ ಅರ್ಜಿ ಬಿದ್ದಿದೆಯಾ ಅಂತ ಈ ವಾರವೇ ನೋಡಿ, ಬಿದ್ದಿದ್ದರೆ ತಡಮಾಡದೆ ತಕರಾರು ಸಲ್ಲಿಸಿ. ಅಣ್ಣನಿಗೆ ಕಳಿಸೋ ನೋಟಿಸಿನ ಭಾಷೆ ಮೆತ್ತಗಿರಲಿ, ಅದನ್ನ ನಾನು ನೋಡಿ ಕೊಡ್ತೀನಿ.

ಎರಡನೇ ಮಗಳು
ಪಹಣಿ ಇದೆ ಸರ್. ವಂಶವೃಕ್ಷಕ್ಕೆ ಸೋಮವಾರ ಹೋಗ್ತೀನಿ. ಅಕ್ಕನೂ ಬರ್ತೀನಿ ಅಂದಿದ್ದಾಳೆ.